ಬು ನ್ಯಾಯ್ ಹೇಳಿದ ಹಾಗೆ

ಬೆಳಗ್ಗೆ ಬಂದಾಗಿನಿಂದ ಮುಫ್ಲಿಹಾ ಒಂದೇ ಪ್ರಶ್ನೆಯನ್ನು ಪ್ರಬಂಧದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುವುದು, ರಬ್ಬರಿನಿಂದ ಅಳಿಸುವುದು, ಮತ್ತೆ ಬರೆಯುವುದು ಮಾಡುತ್ತಿದ್ದಳು. ಆ ಜಾಗದಲ್ಲಿ ಕಾಗದ ಸವೆದು ಹಿಂದಿನ ಪುಟದ ಅಕ್ಷರ ಇಣುಕತೊಡಗಿತ್ತು. ಕಿಟಕಿಯಾಚೆ ವೈದ್ಯಕೀಯ ವಿಭಾಗದ ಹೊಸ ಕಟ್ಟಡಕ್ಕೆ ನೆಲದಲ್ಲಿ ಕಂಬ ಇಳಿಸುವ ಯಂತ್ರ ದಬ್ ದಬ್ ಎಂದು ಬಡಿಯುತ್ತಿತ್ತು. ಪ್ರತಿ ಬಡಿತಕ್ಕೂ ಮೇಜಿನ ಮೇಲಿನ ಟೀ ಲೋಟದಲ್ಲಿ ಸಣ್ಣ ಅಲೆ ಏಳುತ್ತಿತ್ತು. ಪ್ರಶ್ನೆ ದೊಡ್ಡದೇನಲ್ಲ. ಬೇರೆ ಯಾವ ವಿದ್ಯಾರ್ಥಿಯ ಪ್ರಬಂಧವಾಗಿದ್ದರೂ ಕೆಂಪು ಶಾಯಿಯಲ್ಲಿ ಗೀಚಿ ಮುಂದಿನ ಪುಟಕ್ಕೆ ಹೋಗಿಬಿಡುತ್ತಿದ್ದಳು. ಅದು ಹೀಗಿತ್ತು: ಈ ಹುಡುಗಿಯರನ್ನು ಕೇಳಿದವರು ನೀವೇ. ನಿಮ್ಮೆದುರು ಕೂತು ಇಲ್ಲ ಅನ್ನಬಲ್ಲ ಹುಡುಗಿ ಯಾರು? ಅಷ್ಟೇ. ಆದರೆ ಪ್ರಬಂಧದ ಮೊದಲ ಪುಟದಲ್ಲಿ, ವಿಶ್ವವಿದ್ಯಾಲಯದ ಲಾಂಛನದ ಕೆಳಗೆ, ವಿದ್ಯಾರ್ಥಿನಿ ಎಂಬ ಕಡೆ ಅಚ್ಚಾಗಿದ್ದ ಹೆಸರು ಮಸ್ರುರೋಹ್ ಎಂದು. ನದಿಯಾಚೆಯ ಹೆಣ್ಣುಮಕ್ಕಳ ಪೆಸಂತ್ರೆನ್ನಿನ, ಅಂದರೆ ಧರ್ಮದ ವಸತಿಶಾಲೆಯ, ಒಡತಿ, ಜಿಲ್ಲೆಗೆ ಜಿಲ್ಲೆಯೇ ಬು ನ್ಯಾಯ್, ಗುರುತಾಯಿ ಎಂದು ತಲೆ ಬಾಗುವ ಹೆಂಗಸು. ಮುಫ್ಲಿಹಾ ಆ ಪೆಸಂತ್ರೆನ್ನಿನಲ್ಲಿ ಚಾಪೆಯ ಮೇಲೆ ಮಲಗಿ, ಚಾಪೆಯ ಮೇಲೆ ಕೂತು, ಅಲಿಫ್‌ನಿಂದ ಹಿಡಿದು ಅರಬ್ಬೀ ವ್ಯಾಕರಣದ ತುದಿಯವರೆಗೆ ಕಲಿತದ್ದು ಅವರಿಂದಲೇ.

ಅರವತ್ತು ಹತ್ತಿರ ಬಂದ ಬು ನ್ಯಾಯ್ ಈಗ ಇಲ್ಲಿ ವಿದ್ಯಾರ್ಥಿನಿಯಾದದ್ದು ಸರ್ಕಾರದ ಹೊಸ ನಿಯಮದಿಂದ. ಪದವಿ ಇಲ್ಲದವರು ಮದರಸಾದ ಮುಖ್ಯಸ್ಥರಾಗಿ ಮುಂದುವರಿಯುವಂತಿಲ್ಲ. ಈ ವರ್ಷ ಮುಗಿಯುವುದರೊಳಗೆ ಪದವಿ ಕೈಗೆ ಬರದಿದ್ದರೆ ಬು ನ್ಯಾಯ್ ಅವರ ತಂದೆ ಕಟ್ಟಿಸಿದ, ಇವರು ಬೆಳೆಸಿದ ಶಾಲೆಗೆ ಇಲಾಖೆಯವರು ಯಾರೋ ಅಪರಿಚಿತನನ್ನು ತಂದು ಕೂರಿಸುತ್ತಾರೆ. ಅದಕ್ಕೇ ಇವರಂಥ ನಡುವಯಸ್ಸಿನ, ಇಳಿವಯಸ್ಸಿನ ಗುರುಗಳೆಲ್ಲ ಶನಿವಾರ ಭಾನುವಾರ ಸಾಲಾಗಿ ಬಂದು, ತಮ್ಮ ಮೊಮ್ಮಕ್ಕಳ ವಯಸ್ಸಿನವರು ಗೀಚಿ ಕೆಡಿಸಿದ ಡೆಸ್ಕುಗಳಲ್ಲಿ ಕೂರುತ್ತಿದ್ದರು. ಕ್ಯಾಂಟೀನಿನವಳು ಅವರಿಗೆಂದೇ ಸಕ್ಕರೆ ಕಡಿಮೆ ಹಾಕಿದ ಟೀ ಮಾಡಿಡುತ್ತಿದ್ದಳು. ಬು ನ್ಯಾಯ್ ಒಂದು ದಿನವೂ ತಪ್ಪಿಸಿರಲಿಲ್ಲ. ತನ್ನ ತರಗತಿ ಅವರಿಗೆ ಬರದಂತೆ ಮುಫ್ಲಿಹಾ ಪ್ರತಿ ವರ್ಷವೂ ಏನೋ ನೆಪ ಹೇಳಿ ವೇಳಾಪಟ್ಟಿ ಬದಲಿಸಿಕೊಂಡಿದ್ದಳು. ಪರೀಕ್ಷಕರ ಪಟ್ಟಿಗೆ ಮಾತ್ರ ನೆಪ ನಡೆಯಲಿಲ್ಲ. ವಿಭಾಗದ ಮುಖ್ಯಸ್ಥ ಪಾಕ್ ಬಸುನಿ, ಹೆಂಗಸರಿಗೆ ಬು, ಗಂಡಸರಿಗೆ ಪಾಕ್ ಎನ್ನುವ ಊರ ಮರ್ಯಾದೆಯನ್ನು ಬಿಡದೆ, ಹಲ್ಲು ಕಿರಿದು, "ಗುರುವಿಗೇ ತಿರುಮಂತ್ರ ಹಾಕೋ ಭಾಗ್ಯ ಎಲ್ಲರಿಗೂ ಸಿಗುತ್ತಾ ಬು ಮುಫ್ಲಿಹಾ? ಎರಡನೇ ಪರೀಕ್ಷಕಿ ನೀವೇ," ಎಂದು ಹೆಸರು ಬರೆದುಬಿಟ್ಟಿದ್ದರು. ಗಂಡ, ಬೇರೆ ಊರಿನಲ್ಲಿ ಮೇಷ್ಟ್ರಾಗಿದ್ದು ವಾರಕ್ಕೊಮ್ಮೆ ಬರುವವನು, ಸುದ್ದಿ ಕೇಳಿ ಫೋನಿನಲ್ಲಿ, "ಏನಾದ್ರೂ ಮಾಡು, ಗುರುಶಾಪ ಮಾತ್ರ ತಂದ್ಕೋಬೇಡ ಮಾರಾಯ್ತಿ. ನಮಗೆ ಮಕ್ಕಳಿದ್ದಾರೆ," ಎಂದಿದ್ದ. ತಮಾಷೆಗೆ ಹೇಳಿದನೋ ನಿಜಕ್ಕೆ ಹೇಳಿದನೋ ಅವಳು ಕೇಳಲಿಲ್ಲ.

ಪ್ರಬಂಧದ ವಿಷಯ, ಪೆಸಂತ್ರೆನ್ನಿನ ಹೆಣ್ಣುಮಕ್ಕಳು ಮುಂದಿನ ಓದನ್ನು ಸ್ವಂತ ಇಚ್ಛೆಯಿಂದ ಆರಿಸಿಕೊಳ್ಳುವ ಬಗೆ. ಮೂರು ಅಧ್ಯಾಯ ಓದಿ ಮುಫ್ಲಿಹಾ ಬೆರಗಾಗಿದ್ದಳು. ಭಾಷೆ ತಿಳಿಯಾಗಿತ್ತು, ಯಾರಿಂದಲೋ ಬರೆಸಿದ್ದಲ್ಲ ಎಂಬುದು ಗೊತ್ತಾಗುತ್ತಿತ್ತು. ನಾಲ್ಕನೆಯದರಲ್ಲಿ ಸಂದರ್ಶನಗಳಿದ್ದವು. ಹುಡುಗಿಯರಲ್ಲಿ ಕೆಲವರು ವಿಶ್ವವಿದ್ಯಾಲಯಕ್ಕೆ ಹೋಗುವವರು, ಕೆಲವರು ಮದುವೆಯಾಗುವವರು, ಕೆಲವರು ಅಲ್ಲೇ ಉಳಿದು ಸೇವೆ ಮಾಡುವವರು. ಇದು ನಿನ್ನ ಇಚ್ಛೆಯೇ ಎಂದು ಕೇಳಿದ್ದಕ್ಕೆ ಅಷ್ಟೂ ಹುಡುಗಿಯರು ಕೊಟ್ಟ ಉತ್ತರ ಒಂದೇ: ಹೌದು, ಬು ನ್ಯಾಯ್ ಹೇಳಿದ ಹಾಗೆ. ಅದನ್ನು ಬು ನ್ಯಾಯ್ ಒಂದಕ್ಷರ ತಿದ್ದದೆ ಪ್ರಾಮಾಣಿಕವಾಗಿ ಇಳಿಸಿ, ಕೊನೆಗೆ, ಎಲ್ಲರೂ ಸ್ವ ಇಚ್ಛೆಯಿಂದಲೇ ಆರಿಸಿಕೊಂಡಿದ್ದಾರೆ ಎಂದು ನಿರ್ಣಯ ಬರೆದಿದ್ದರು. ಓದುತ್ತ ಮುಫ್ಲಿಹಾಳಿಗೆ ಮೊಣಕಾಲು ಉರಿದಂತಾಯಿತು. ಬು ನ್ಯಾಯ್ ಕೂತ ಕೋಣೆಗೆ ಹುಡುಗಿಯರು ನಡೆದು ಹೋಗುವುದಿಲ್ಲ, ಮೊಣಕಾಲಿನ ಮೇಲೆ ತೆವಳಿಕೊಂಡು ಹೋಗುತ್ತಾರೆ. ಚಾಪೆಯ ಹೆಣಿಗೆ ಚರ್ಮಕ್ಕೆ ಅಚ್ಚು ಒತ್ತುತ್ತದೆ. ಅಲ್ಲಿನ ಓದು ಮುಗಿದ ವರ್ಷ ಒಂದು ಸಂಜೆ ಅವಳೂ ಹಾಗೇ ಹೋಗಿದ್ದಳು, ಅಸರ್ ನಮಾಜು ಮುಗಿದ ಮೇಲೆ, ಪಕ್ಕದಲ್ಲಿ ಓರಗೆಯ ಗೆಳತಿ ಖೋಲಿಫಾ. ಇಬ್ಬರೂ ಚಾಪೆ ನೋಡುತ್ತ ಕೂತಿದ್ದರು. ಬು ನ್ಯಾಯ್ ಮೊದಲು ಖೋಲಿಫಾಳನ್ನು ಕೇಳಿದರು: ಉಸ್ತಾದ್ ಇಮ್ರೋನರ ಹೆಂಡತಿ ತೀರಿಕೊಂಡಿದ್ದಾಳೆ, ಎರಡು ಹಸುಗೂಸು, ಒಳ್ಳೆಯ ಮನುಷ್ಯ, ಏನಂತೀಯ? ಬು ನ್ಯಾಯ್ ಹೇಳಿದ ಹಾಗೆ, ಎಂದಳು ಖೋಲಿಫಾ. ಆಮೇಲೆ ಇವಳ ಕಡೆ ತಿರುಗಿದರು: ನಿನ್ನನ್ನು ಊರಾಚೆಯ ಸರ್ಕಾರಿ ಇಸ್ಲಾಮಿಕ್ ಕಾಲೇಜಿಗೆ ಕಳಿಸೋಣ ಅಂತ, ನಿಮ್ಮಪ್ಪನ ಹತ್ತಿರ ನಾನು ಮಾತಾಡ್ತೀನಿ, ಏನಂತೀಯ? ಇವಳೂ ಅದನ್ನೇ ಹೇಳಿದಳು.

ಗಣಿತದಲ್ಲಿ ಚುರುಕಾಗಿದ್ದವಳು ಖೋಲಿಫಾ. ಕಾಲೇಜಿನ ಮಾಹಿತಿ ಪುಸ್ತಕವನ್ನು ಎಲ್ಲಿಂದಲೋ ತರಿಸಿಕೊಂಡು ದಿಂಬಿನ ಕೆಳಗೆ ಇಟ್ಟುಕೊಂಡಿದ್ದವಳೂ ಅವಳೇ. ಮುಫ್ಲಿಹಾಳಿಗೆ ಓದು ಸಾಕಾಗಿತ್ತು. ಸಂತೆಯಲ್ಲಿದ್ದ ಅಮ್ಮನ ಬಟ್ಟೆ ಅಂಗಡಿಯಲ್ಲಿ ಕೂತು, ಹೊಸ ಸರೋಂಗುಗಳ ಗಂಜಿ ವಾಸನೆ ಕುಡಿಯುತ್ತ, ಮಡಿಕೆಯ ಮೇಲೆ ಮಡಿಕೆ ಹಾಕುತ್ತ ಇದ್ದುಬಿಡಬೇಕು ಎನ್ನುವುದು ಬಿಟ್ಟು ಅವಳಿಗೆ ಬೇರೆ ಆಸೆ ಇರಲಿಲ್ಲ. ಆದರೆ ಒಂದು ಶುಕ್ರವಾರ ಬು ನ್ಯಾಯ್ ಅವಳ ಅಪ್ಪನನ್ನು ಕರೆಸಿ, "ಅದು ಸರ್ಕಾರದ್ದೂ ಹೌದು, ನಮ್ಮದೂ ಹೌದು. ಹುಡುಗಿ ಅಲ್ಲಿ ಕೆಡೋದಿಲ್ಲ, ಬೆಳೀತಾಳೆ," ಎಂದರು. ಬೇರೆ ಯಾವ ಕಾಲೇಜಿನ ಹೆಸರು ಎತ್ತಿದ್ದರೂ ಅಪ್ಪ ಎದ್ದು ಹೋಗುತ್ತಿದ್ದ. ಬು ನ್ಯಾಯ್ ಹೇಳಿದ್ದಕ್ಕೆ ತಲೆಬಾಗಿ ಒಪ್ಪಿದ. ಆ ಕಾಲೇಜೇ ಈಗಿನ ಈ ವಿಶ್ವವಿದ್ಯಾಲಯ; ಆಗ ಇದು ಹಳೆ ತಗಡಿನ ಮಾಡಿನ ಸಂಸ್ಥೆ, ಮಳೆ ಬಂದರೆ ಮೇಷ್ಟ್ರು ಪಾಠ ನಿಲ್ಲಿಸಿ ಮಳೆ ನಿಲ್ಲುವುದನ್ನು ಕಾಯುತ್ತಿದ್ದರು. ಇಲ್ಲೇ ಓದಿ, ಇಲ್ಲೇ ಮೇಷ್ಟ್ರಾಗಿ, ಸರ್ಕಾರಿ ನೌಕರಿಯ ಖಾಕಿ ಸಮವಸ್ತ್ರ ತೊಟ್ಟು, ಪಿಎಚ್‌ಡಿ ಮುಗಿಸಿ, ಸಂಸ್ಥೆ ವಿಶ್ವವಿದ್ಯಾಲಯವಾಗಿ ಫಲಕ ಬದಲಾದದ್ದನ್ನೂ ನೋಡಿದಳು. ತನ್ನಂಥ ಸಾವಿರ ಹುಡುಗಿಯರು ಹಳ್ಳಿಗಳಿಂದ ಇಲ್ಲಿಗೆ ಬಂದು, ಮೊದಲ ವಾರ ಗೋಡೆ ಹಿಡಿದು ನಡೆದು, ನಾಲ್ಕನೇ ವರ್ಷ ಮೈಕು ಹಿಡಿದು ಮಾತಾಡುವುದನ್ನು ನೋಡಿದಳು. ಎಲ್ಲ ಒಳ್ಳೆಯದೇ ಆಯಿತು. ಆದ್ದರಿಂದಲೇ ಯಾರ ಹತ್ತಿರವೂ ದೂರುವಂತಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಅಂಗಡಿ ಯಾರಿಗೋ ಹೋಯಿತು. ಅಲ್ಲೀಗ ಮೊಬೈಲ್ ಫೋನಿನ ಕವರುಗಳನ್ನು ಮಾರುತ್ತಾರೆ.

ಪ್ರಶ್ನೆಯನ್ನು ಕೊನೆಯ ಸಲ ಅಳಿಸಿ ಅವಳು ಎದ್ದಳು. ಕೇಳಿದರೆ ನಾಲ್ಕನೇ ಅಧ್ಯಾಯ ಕುಸಿಯುತ್ತದೆ, ಅದರ ಜೊತೆ ಪ್ರಬಂಧ, ಪದವಿ, ಶಾಲೆ. ಕೇಳದಿದ್ದರೆ ಯಾರಿಗೂ ಏನೂ ಆಗುವುದಿಲ್ಲ. ಹೀಗೆ ಲೆಕ್ಕ ಹಾಕಿದರೆ ಉತ್ತರ ಸುಲಭವಾಗಿತ್ತು. ಆದರೂ ಪ್ರಬಂಧದ ಜೊತೆ ಪೆನ್ಸಿಲನ್ನೂ ಹಿಡಿದುಕೊಂಡೇ ಮೆಟ್ಟಿಲಿಳಿದಳು. ಕೆಳಗೆ ಎರಡು ವ್ಯಾನು ನಿಂತಿದ್ದವು. ಬಿಳಿ ಹಿಜಾಬಿನ ಹುಡುಗಿಯರು ಮೊರದಿಂದ ಚೆಲ್ಲಿದ ಅಕ್ಕಿಯ ಹಾಗೆ ಅಂಗಳದ ತುಂಬ ಹರಡಿದ್ದರು. ತಮ್ಮ ಬು ನ್ಯಾಯ್‌ಗೆ ಪರೀಕ್ಷೆ ಎಂದರೆ ಅವರಿಗೆ ಹಬ್ಬ. ಮರದ ನೆರಳಿನಲ್ಲಿ ತಿಂಡಿಯ ಪೊಟ್ಟಣಗಳನ್ನು ಜೋಡಿಸುತ್ತಿದ್ದ ದಪ್ಪ ಹೆಂಗಸು ತಲೆಯೆತ್ತಿ ನಕ್ಕಳು. ಖೋಲಿಫಾ. ಐದು ಮಕ್ಕಳ ತಾಯಿ, ಪೆಸಂತ್ರೆನ್ನಿನ ಅಡುಗೆಮನೆಯ ಯಜಮಾನಿ.

"ಅಯ್ಯೋ, ಬು ಡಾಕ್ಟರ್! ಎಷ್ಟು ಸೊರಗಿದ್ದೀಯೇ. ಸರ್ಕಾರ ಊಟ ಹಾಕಲ್ವಾ?"

"ಮೆಲ್ಲಗೆ ಮಾತಾಡೇ. ಪರೀಕ್ಷಕರಿಗೆ ತಿಂಡಿ ಕೊಡೋ ಹಾಗಿಲ್ಲ, ನಿಯಮ ಇದೆ."

"ನಿಯಮ ಪರೀಕ್ಷಕರಿಗೆ. ನಿನಗೆ ನಾನು ಪರೀಕ್ಷಕಿಗೆ ಅಂತ ಕೊಡ್ತಿದ್ದೀನಾ? ಮುಫ್‌ಗೆ ಅಂತ ಕೊಡ್ತಿದ್ದೀನಿ. ಬಾಳೆಯೆಲೆಯಲ್ಲಿ ಸುತ್ತಿದ ಲೆಂಪೆರ್ ಕಡುಬು, ನಿನಗಿಷ್ಟ ಅಂತ ಕೋಳಿ ಜಾಸ್ತಿ ಹಾಕಿದ್ದೀನಿ." ಪೊಟ್ಟಣವನ್ನು ಅವಳ ಕೈಗೆ ತುರುಕಿ, ದನಿ ತಗ್ಗಿಸಿ, "ಬು ನ್ಯಾಯ್ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಕಣೇ. ನೀನಿದ್ದೀಯಲ್ಲ ಅಂತ ನಮಗೆಲ್ಲ ಧೈರ್ಯ," ಎಂದಳು.

ನೀನಿದ್ದೀಯಲ್ಲ. ಮುಫ್ಲಿಹಾ ಬೆಚ್ಚಗಿದ್ದ ಪೊಟ್ಟಣ ಹಿಡಿದು ನಿಂತಳು. ಇವಳಿಗೆ ಇವತ್ತೂ ನನ್ನ ಮೇಲೆ ಸಿಟ್ಟಿಲ್ಲ, ಎಂದುಕೊಂಡಳು. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ತನ್ನ ಮದುವೆಯ ಹಿಂದಿನ ದಿನ ಖೋಲಿಫಾ ಆ ಮಾಹಿತಿ ಪುಸ್ತಕವನ್ನು ಅವಳಿಗೆ ಕೊಟ್ಟಿದ್ದಳು, ನೀನು ಹೇಗೂ ಹೋಗ್ತೀಯಲ್ಲ, ದಾರಿ ತಪ್ಪಬಾರದು ಅಂತ. ಹಿಂದಿನ ಹಾಳೆಯಲ್ಲಿ ಕಾಲೇಜಿನ ನಕ್ಷೆ ಇತ್ತು, ಗ್ರಂಥಾಲಯದ ಸುತ್ತ ಪೆನ್ನಿನಿಂದ ಒಂದು ವೃತ್ತ. ಇಷ್ಟು ವರ್ಷದಲ್ಲಿ ಒಂದು ದಿನವೂ ಖೋಲಿಫಾಳನ್ನು ಆ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಲಿಲ್ಲವಲ್ಲ ಎಂದು ಈಗ, ಪರೀಕ್ಷೆಗೆ ಹೊತ್ತಾಗುತ್ತಿರುವಾಗ, ಹೊಳೆಯಿತು. ಕರೆದಿದ್ದರೆ ಬರುತ್ತಿದ್ದಳು, ಬಂದು ಪುಸ್ತಕಗಳ ಮೇಲಿನ ಧೂಳು ನೋಡಿ ನಗುತ್ತಿದ್ದಳು.

ಪರೀಕ್ಷೆಯ ಕೋಣೆಯಲ್ಲಿ ಹಸಿರು ಬಟ್ಟೆ ಹೊದಿಸಿದ ಉದ್ದ ಮೇಜು, ಅದರ ಹಿಂದೆ ಮೂರು ಎತ್ತರದ ಕುರ್ಚಿ; ಎದುರಿಗೆ ನಡುವೆ ಒಂಟಿಯಾಗಿ ಒಂದು ಸಣ್ಣ ಕುರ್ಚಿ. ಆ ಕುರ್ಚಿಯಲ್ಲಿ ಬು ನ್ಯಾಯ್ ಆಗಲೇ ಬಂದು ಕೂತಿದ್ದರು. ಎಲ್ಲ ವಿದ್ಯಾರ್ಥಿಗಳಂತೆ ಬಿಳಿ ಅಂಗಿ, ಕಪ್ಪು ಲಂಗ, ಮೇಲೆ ವಿಶ್ವವಿದ್ಯಾಲಯದ ಹಸಿರು ಕೋಟು; ತೋಳು ಉದ್ದವಾಗಿ ಬೆರಳ ತುದಿ ಮಾತ್ರ ಕಾಣುತ್ತಿತ್ತು. ಜೀವಮಾನದಲ್ಲಿ ಅವರನ್ನು ಕೆಳಗಿನಿಂದ ಮೇಲಕ್ಕೆ ನೋಡಿ ಅಭ್ಯಾಸವಿದ್ದ ಮುಫ್ಲಿಹಾಳಿಗೆ ಮೇಲಿನಿಂದ ಅವರ ನೆತ್ತಿ ಕಂಡಿತು. ಮೇಜಿನ ಹಿಂದೆ ಹೋಗಿ ಕೂತ ಮೇಲೆ ಕಾಲಿಗೆ ಟೈಲ್ಸಿನ ತಂಪು ತಾಗಿತು. ಆಗ ನೋಡಿಕೊಂಡಳು: ಚಪ್ಪಲಿ ಇಲ್ಲ. ಬಾಗಿಲಲ್ಲಿ ಬು ನ್ಯಾಯ್ ಕಂಡ ಕೂಡಲೇ ಕಾಲುಗಳು ತಮ್ಮಷ್ಟಕ್ಕೆ ಚಪ್ಪಲಿ ಕಳಚಿ ಹೊಸ್ತಿಲಾಚೆ ಬಿಟ್ಟು ಬಂದಿದ್ದವು. ಮೊದಲ ಪರೀಕ್ಷಕ ಪಾಕ್ ಹೆರ್ಮಾವನ್, ಸುರಬಾಯದಿಂದ ಬಂದ ಸಂಖ್ಯಾಶಾಸ್ತ್ರದ ಯುವಕ, ಬಗ್ಗಿ ನೋಡಿ, "ಏನು ಬು, ನಮಾಜಿಗೆ ಬಂದ ಹಾಗಿದೆ?" ಎಂದ. ಅವಳು ಪಾದಗಳನ್ನು ಒಂದರ ಮೇಲೊಂದು ಇಟ್ಟು ಮೇಜುಬಟ್ಟೆಯ ಹಿಂದೆ ಸರಿಸಿಕೊಂಡಳು.

ಪಾಕ್ ಬಸುನಿ ಫಾತಿಹಾ ಹೇಳಿ ಆರಂಭಿಸಿದರು. ಯಾರು ಬೇಕಾದರೂ ಬಂದು ಕೂತು ಕೇಳಬಹುದಾದ್ದರಿಂದ ಹಿಂದಿನ ಬೆಂಚುಗಳ ಮೇಲೆ ಹುಡುಗಿಯರು ಒತ್ತೊತ್ತಾಗಿ ತುಂಬಿದ್ದರು, ತುದಿಯಲ್ಲಿ ಖೋಲಿಫಾ. ಹೆರ್ಮಾವನ್ ಮೊದಲು ಕೇಳಿದ.

"ಬು, ನಿಮ್ಮ ಅಧ್ಯಯನದಲ್ಲಿ ಒಟ್ಟು ಹುಡುಗಿಯರಲ್ಲಿ ಇಂತಿಷ್ಟು ಜನ ಅಂತ ಆರಿಸಿದ್ದು ಯಾವ ವಿಧಾನದಿಂದ?"

"ಆರಿಸಲಿಲ್ಲ ಪಾಕ್. ದೊಡ್ಡ ಹುಡುಗಿಯರನ್ನೆಲ್ಲ ಕೇಳಿದೆ. ಒಬ್ಬಳನ್ನ ಕರೆದು ಇನ್ನೊಬ್ಬಳನ್ನ ಬಿಟ್ಟರೆ ಬಿಟ್ಟವಳು ಅಳ್ತಾ ಕೂರ್ತಾಳೆ."

ಹಿಂದಿನ ಬೆಂಚುಗಳಲ್ಲಿ ಕಿಸಕ್ಕೆಂದರು. ಹೆರ್ಮಾವನ್ ನಗಲಿಲ್ಲ. "ಇದು ಸಂಶೋಧನೆ ಬು, ಮದುವೆ ಊಟ ಅಲ್ಲ. ವಿಧಾನದ ಹೆಸರು ಬರೀಬೇಕು."

"ಹೌದು ಪಾಕ್."

"ಸ್ವಲ್ಪ ಜೋರಾಗಿ."

"ಹೌದು ಪಾಕ್. ಬರೀತೀನಿ."

ಕೋಷ್ಟಕಗಳಿಗೆ ತಲೆಬರಹ ಇಲ್ಲ ಎಂದ, ಹೌದು ಪಾಕ್. ಸಿದ್ಧಾಂತದ ಭಾಗ ತೆಳುವಾಗಿದೆ ಎಂದ; ಹೌದು ಪಾಕ್. ಪುಸ್ತಕಗಳೆಲ್ಲ ಹಳೆಯವು, ಕಳೆದ ಹತ್ತು ವರ್ಷದ್ದು ಒಂದೂ ಇಲ್ಲ ಎಂದ. ಅವುಗಳಲ್ಲಿ ಅರ್ಧದಷ್ಟು ಎಂಟುನೂರು ವರ್ಷದ ಹಿಂದಿನವು, ಅದಕ್ಕೂ ಹೌದು ಪಾಕ್. ಕೋಲೆಬಸವನ ಹಾಗೆ ಆ ತಲೆ ಆಡುವುದನ್ನು ಮುಫ್ಲಿಹಾ ನೋಡುತ್ತಿದ್ದಳು. ಬು ನ್ಯಾಯ್ ಬಾಯಿಯಲ್ಲಿ ಹೌದು ಎಂಬುದನ್ನು ಅವಳು ಕೇಳಿದ್ದು ಇದೇ ಮೊದಲು. ಅದು ಅವಳಿಗೆ ಚಿರಪರಿಚಿತವಾದ ಹೌದು: ಸ್ವಲ್ಪ ಮೂಗಿನಿಂದ, ಕೊನೆಯಲ್ಲಿ ಇಳಿಯುವ, ಒಳಗೇನಿದೆ ಎಂದು ತಿಳಿಯಗೊಡದ ಹೌದು. ಹಾಗಾದರೆ ಇದು ಅವರಿಗೂ ಬರುತ್ತದೆ. ಅವರೂ ಎಂದೋ ಯಾರ ಮುಂದೆಯೋ ತೆವಳಿರಬೇಕು, ಅವರ ಮೊಣಕಾಲಿಗೂ ಚಾಪೆ ಒತ್ತಿರಬೇಕು. ಯೋಚನೆ ಅಲ್ಲಿಂದ ಮುಂದೆ ಹೋಗಲು ಒಪ್ಪಲಿಲ್ಲ. ಹೆರ್ಮಾವನ್ ಮೇಲೆ ಕೋಪ ಬಂತು. ಆದರೆ ಅವನು ಹೇಳುತ್ತಿರುವುದರಲ್ಲಿ ತಪ್ಪೊಂದೂ ಇರಲಿಲ್ಲ, ಅವನು ನೆಟ್ಟಗೆ ತನ್ನ ಕೆಲಸ ಮಾಡುತ್ತಿದ್ದ.

"ಬು ಮುಫ್ಲಿಹಾ, ಈಗ ನಿಮ್ಮದು," ಎಂದರು ಪಾಕ್ ಬಸುನಿ.

ಅವಳು ಪುಟ ತಿರುವಿದಳು. "ನಲವತ್ತನೇ ಪುಟದಲ್ಲಿ... ಕೆಳಗಿನಿಂದ ಮೂರನೇ ಸಾಲು. ಅಲ್ಲೊಂದು ಕಾಗುಣಿತ ತಪ್ಪಿದೆ, ಬು ನ್ಯಾಯ್. ದಯವಿಟ್ಟು..." ಎಂದು ನಿಲ್ಲಿಸಿದಳು.

ಬು ನ್ಯಾಯ್ ಪುಟ ತೆಗೆದು, ಕನ್ನಡಕ ಸರಿಮಾಡಿಕೊಂಡು, ತಪ್ಪಿನ ಕೆಳಗೆ ಗೆರೆ ಎಳೆದರು. ಪಾಕ್ ಬಸುನಿ ಗಡಿಯಾರ ನೋಡಿದರು. ಮಧ್ಯಾಹ್ನದ ನಮಾಜಿಗೆ ಮುಂಚೆ ಮುಗಿಸುವ ಆತುರ ಅವರಿಗೆ. "ಸಾಕಲ್ವಾ?" ಎಂದರು. ಮುಫ್ಲಿಹಾ ಸಾಕು ಎನ್ನಲು ತಲೆಯಾಡಿಸುತ್ತಿದ್ದಳು.

"ಬು ಡಾಕ್ಟರ್," ಎಂದರು ಬು ನ್ಯಾಯ್. ಇಷ್ಟು ವರ್ಷದಲ್ಲಿ ಅವರು ಅವಳನ್ನು ಹಾಗೆ ಕರೆದದ್ದಿಲ್ಲ. "ಪಾಕ್ ಹೆರ್ಮಾವನ್ ನನ್ನನ್ನ ನಿಂಬೆಹಣ್ಣು ಹಿಂಡಿದ ಹಾಗೆ ಹಿಂಡಿದ್ರು. ನೀವು ಒಂದು ಕೊಂಬು ತೋರಿಸಿ ಕೂತ್ರಿ. ನನ್ನ ಪ್ರಬಂಧ ಅಷ್ಟು ಚೆನ್ನಾಗಿದೆಯಾ? ಇಲ್ಲಾ ನಾನು ಅಷ್ಟು ಮುದುಕಿಯಾಗಿ ಕಾಣ್ತೀನಾ?"

ಕೋಣೆಯಲ್ಲಿ ನಗು ಎದ್ದಿತು. ಪಾಕ್ ಬಸುನಿ ಹೊಟ್ಟೆ ಕುಣಿಸಿ ನಕ್ಕರು. ಮುಫ್ಲಿಹಾಳ ಕಿವಿ ಬಿಸಿಯಾಯಿತು. ಪಾಠ ತಪ್ಪು ಓದಿ ನಿಲ್ಲುವ ಶಿಕ್ಷೆ ಪಡೆದ ಹುಡುಗಿಯ ಕಿವಿ. ಬು ನ್ಯಾಯ್ ನಗುತ್ತಿರಲಿಲ್ಲ. "ಏನೋ ಇದೆ ನಿನ್ನ ಹತ್ತಿರ. ಕೇಳು," ಎಂದರು, ಈ ಸಲ ಬಹುವಚನ ಬಿಟ್ಟು. ಕೇಳು ಎಂದು ಅವರು ಹೇಳಿದ್ದರಿಂದ ಅವಳು ಕೇಳಿದಳು. ಆಮೇಲೆ ಅದನ್ನು ಎಷ್ಟು ಸಲ ನೆನೆಸಿಕೊಂಡರೂ ಅದರಲ್ಲಿ ಧೈರ್ಯ ಎನ್ನುವಂಥದ್ದು ಅವಳಿಗೆ ಸಿಗಲಿಲ್ಲ.

"ಹುಡುಗಿಯರನ್ನ ಕೇಳಿದ್ದು ತಾವೇ ಅಲ್ವಾ, ಬು ನ್ಯಾಯ್?"

"ಮತ್ತ್ಯಾರು ಕೇಳ್ತಾರೆ? ನನ್ನ ಕೋಣೆಯಲ್ಲೇ ಕೂರಿಸಿಕೊಂಡು ಕೇಳಿದೆ."

"ಅವರಲ್ಲಿ ಒಬ್ಬಳಿಗೆ... ತಾವು ಗೊತ್ತು ಮಾಡಿದ ಗಂಡು ಬೇಡ, ಓದಬೇಕು ಅಂತಿದ್ರೆ. ಅಥವಾ ಓದು ಬೇಡ, ಮನೆಗೆ ಹೋಗ್ಬೇಕು ಅಂತಿದ್ರೆ. ಅದನ್ನ ಅವಳು ತಮ್ಮ ಮುಂದೆ ಹೇಳ್ತಾಳಾ?"

ಬು ನ್ಯಾಯ್ ಹುಬ್ಬೇರಿಸಿದರು. ಪ್ರಶ್ನೆ ಅವರಿಗೆ ಸುಲಭವೆನಿಸಿದ್ದು ಮುಖದಲ್ಲೇ ಕಂಡಿತು. "ಯಾಕೆ ಹೇಳಲ್ಲ? ಇಲ್ಲೇ ಇದ್ದಾರಲ್ಲ, ಕೇಳಿಬಿಡೋಣ," ಎಂದು ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದರು. "ಮಕ್ಕಳೇ, ನಿಜ ಹೇಳಿ. ನಾನು ನಿಮ್ಮಲ್ಲಿ ಯಾರಿಗಾದ್ರೂ ಬಲವಂತ ಮಾಡಿದ್ದೀನಾ?"

"ಇಲ್ಲಾ, ಬು ನ್ಯಾಯ್!"

ಅಷ್ಟೂ ಬೆಂಚುಗಳು ಒಂದೇ ಉಸಿರಿನಲ್ಲಿ ಹೇಳಿದವು. ಬೆಳಗಿನ ಪಾಠ ಒಪ್ಪಿಸುವ ದನಿ, ಅದೇ ಎಳೆತ, ಕೊನೆಯಲ್ಲಿ ಅದೇ ಇಳಿತ. ತಲೆಗಳೆಲ್ಲ ನೆಲ ನೋಡುತ್ತಿದ್ದವು. ಅದರೊಳಗೆ ಒಂದು ದಪ್ಪ ದನಿ ಎಲ್ಲರಿಗಿಂತ ಜೋರಾಗಿತ್ತು, ಖೋಲಿಫಾಳದ್ದು. ಹೆರ್ಮಾವನ್ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದ. ಬು ನ್ಯಾಯ್ ಗೆದ್ದ ಮುಖದಿಂದ ಇತ್ತ ತಿರುಗಿದರು. ಅರ್ಧ ತಿರುಗುವಷ್ಟರಲ್ಲಿ ಅವರ ಮುಖದ ಆ ಗೆಲುವು ಇಳಿಯಿತು. ಅವರು ಏನನ್ನೋ ಮತ್ತೆ ಕೇಳಿಸಿಕೊಳ್ಳುವವರಂತೆ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ಹಾಗೇ ಕೂತರು. ಹೊರಗಿನ ಯಂತ್ರ ಮೂರು ನಾಲ್ಕು ಸಲ ಬಡಿಯಿತು. ಆ ಮುಖ ನೋಡಿ ಮುಫ್ಲಿಹಾಳಿಗೆ ಬಹಳ ದುಃಖವಾಯಿತು, ಎದ್ದು ಹೋಗಿ ಅವರ ಕೋಟಿನ ತೋಳನ್ನು ಮಡಿಸಿ ಸರಿಮಾಡಬೇಕೆನಿಸುವಷ್ಟು.

"ಮುಫ್," ಎಂದರು ಬು ನ್ಯಾಯ್, ಮೆಲ್ಲಗೆ. ಕೋಣೆಯಲ್ಲಿ ಬೇರೆ ಯಾರೂ ಇಲ್ಲವೆಂಬಂತೆ. "ಆವತ್ತು ನಿನ್ನನ್ನೂ ಕೇಳಿದ್ದೆ. ಓದೋಕೆ ಕಳಿಸ್ತೀನಿ ಅಂತ. ನಿನಗೆ ಇಷ್ಟ ಇತ್ತಾ?"

ಅಮ್ಮನ ಅಂಗಡಿ, ಗಂಜಿಯ ವಾಸನೆ, ಮಡಿಕೆಯ ಮೇಲೆ ಮಡಿಕೆ ಎಲ್ಲ ನಾಲಿಗೆಯ ತನಕ ಬಂದಿತ್ತು. ಇದಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಸಿಗುವುದಿಲ್ಲವೆಂದೂ ಗೊತ್ತಿತ್ತು.

"ಇತ್ತು, ಬು ನ್ಯಾಯ್," ಎಂದಳು.

ಎಂದ ದನಿ ಅ‌ವಳಿಗೇ ಕೇಳಿಸಿತು. ಸ್ವಲ್ಪ ಮೂಗಿನಿಂದ, ಕೊನೆಯಲ್ಲಿ ಇಳಿದು. ಬು ನ್ಯಾಯ್ ಅವಳನ್ನು ಬಹಳ ಹೊತ್ತು ನೋಡಿದರು. "ನೀನೂ ಇನ್ನೂ ಆ ಹಿಂದಿನ ಬೆಂಚಿನಲ್ಲೇ ಕೂತಿದ್ದೀಯಲ್ಲೇ," ಎಂದರು. ಆಮೇಲೆ ಪಾಕ್ ಬಸುನಿ ಕಡೆ ತಿರುಗಿ, "ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ ಪಾಕ್. ಬರೆದುಕೊಳ್ಳಿ," ಎಂದರು.

ಅಂಕ ನಿರ್ಧಾರಕ್ಕೆಂದು ಬು ನ್ಯಾಯ್‌ರನ್ನೂ ಹುಡುಗಿಯರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ಹೆರ್ಮಾವನ್ ಕುರ್ಚಿಗೆ ಒರಗಿ, "ನಾನು ಅರ್ಧ ಗಂಟೆ ಕಲ್ಲು ಹೊಡೆದೆ, ಒಂದೂ ತಾಗಲಿಲ್ಲ. ನೀವು ಒಂದೇ ಏಟಿಗೆ ಬೀಳಿಸಿದ್ರಿ. ಗುರುಭಕ್ತಿ ಅಂದ್ರೆ ಇದು," ಎಂದ. ಹೊಗಳಿಕೆಯೋ ಕೊಂಕೋ ತಿಳಿಯಲಿಲ್ಲ. ಪಾಕ್ ಬಸುನಿ ಮುಫ್ಲಿಹಾ ಮೇಜಿನ ಮೇಲಿಟ್ಟಿದ್ದ ಖೋಲಿಫಾಳ ಪೊಟ್ಟಣ ಬಿಚ್ಚಿ ಲೆಂಪೆರ್ ಕಚ್ಚಿದರು. ಬು ನ್ಯಾಯ್ ಮನೆಯ ತಿಂಡಿ ಲಂಚವಲ್ಲ, ಬರಕತ್ತು, ದೇವರ ಆಶೀರ್ವಾದ ಎಂದು ಅವರೇ ತೀರ್ಮಾನ ಕೊಟ್ಟುಕೊಂಡರು. "ನೋಡಿ, ಹಾವೂ ಸಾಯಬಾರದು, ಕೋಲೂ ಮುರೀಬಾರದು. ನಾಲ್ಕನೇ ಅಧ್ಯಾಯದ ಕೊನೇಲಿ ಅಧ್ಯಯನದ ಮಿತಿ ಅಂತ ಎರಡು ಸಾಲು ಸೇರಿಸಲಿ. ಪಾಸು ಮಾಡಿ ಕಳಿಸೋಣ. ಇಲ್ಲಾಂದ್ರೆ ನಾಳೆ ಇಡೀ ಜಿಲ್ಲೆ ನಮ್ಮ ಬಾಗಿಲಲ್ಲಿ ನಿಲ್ಲುತ್ತೆ. ಏನಂತೀರಿ ಬು ಮುಫ್ಲಿಹಾ?"

ಎರಡು ಸಾಲಿಗೆ ಆ ಅಧ್ಯಾಯ ನಿಲ್ಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಶಾಲೆ ಉಳಿಯುತ್ತದೆ ಎಂದು ಸಮಾಧಾನವೂ ಆಗಿತ್ತು. ತಾನು ಹೇಳಬೇಕಾದ್ದು ಇವೆರಡರಲ್ಲಿ ಯಾವುದೆಂದು ನೋಡುತ್ತಿರುವಾಗಲೇ ಬಾಯಿ, "ನೀವು ಹೇಳಿದ ಹಾಗೆ ಪಾಕ್," ಎಂದಿತು. ಪಾಕ್ ಬಸುನಿ ಸಂತೋಷದಿಂದ ಕೈ ಒರೆಸಿಕೊಂಡು ಅಂಕ ತುಂಬಿದರು.

ಎಲ್ಲರನ್ನೂ ಒಳಗೆ ಕರೆದರು. ಬು ನ್ಯಾಯ್ ನಿಂತುಕೊಂಡೇ ಕೇಳಿದರು. ಪಾಕ್ ಬಸುನಿ ಸರ್ಕಾರಿ ದನಿಯಲ್ಲಿ, ವಿದ್ಯಾರ್ಥಿನಿ ಮಸ್ರುರೋಹ್ ಉತ್ತಮ ದರ್ಜೆಯಲ್ಲಿ ಉತ್ತೀರ್ಣರಾಗಿದ್ದಾರೆ, ಸಣ್ಣ ತಿದ್ದುಪಡಿ ಇದೆ ಎಂದು ಓದಿದರು. ಹಿಂದೆ ಹುಡುಗಿಯರು ಅಲ್ಹಮ್ದುಲಿಲ್ಲಾ ಎಂದರು, ಯಾರೋ ಬಿಕ್ಕಿದರು, ಖೋಲಿಫಾ ಹಿಜಾಬಿನ ತುದಿಯಿಂದ ಕಣ್ಣೊರೆಸಿಕೊಂಡಳು. "ಈ ನಿರ್ಣಯಕ್ಕೆ ನಿಮ್ಮ ಒಪ್ಪಿಗೆ ಇದೆಯಾ?" ಎಂದು ವಾಡಿಕೆಯಂತೆ ಕೇಳಿ, ಉತ್ತರಕ್ಕೆ ಕಾಯದೆ ಪಾಕ್ ಬಸುನಿ ಹಾಳೆಗಳನ್ನು ಮಡಚತೊಡಗಿದರು.

"ಇಲ್ಲ," ಎಂದರು ಬು ನ್ಯಾಯ್.

ಪಾಕ್ ಬಸುನಿ ಕೈ ನಿಂತಿತು. "ಏನಂದ್ರಿ?"

"ಒಪ್ಪಿಗೆ ಇಲ್ಲ ಪಾಕ್. ಆ ಅಧ್ಯಾಯ ಬಿತ್ತು. ನೀವೂ ನೋಡಿದ್ರಿ, ನಾನೂ ನೋಡಿದೆ. ಬಿದ್ದಿದ್ದನ್ನ ಎತ್ತಿ ನಿಲ್ಲಿಸಿ ಪಾಸು ಅಂದ್ರೆ ಈ ಮಕ್ಕಳಿಗೆ ನಾನು ನಾಳೆ ಏನು ಹೇಳಿಕೊಡಲಿ?"

"ಬು ನ್ಯಾಯ್, ವರ್ಷ ಮುಗೀತಾ ಬಂತು. ಶಾಲೆ ಕೈ ತಪ್ಪುತ್ತೆ."

"ತಪ್ಪಿದ್ರೆ ತಪ್ಪಲಿ. ಬರೋ ಮೇಷ್ಟ್ರಿಗೂ ಊಟಕ್ಕೆ ಖೋಲಿಫಾನೇ ಬಡಿಸ್ತಾಳೆ, ಹಸಿದು ಸಾಯಲ್ಲ. ನನಗೆ ಮತ್ತೆ ಪರೀಕ್ಷೆ ಕೊಡಿ."

ಹುಡುಗಿಯರು ತಲೆಯೆತ್ತಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆ ಕೋಣೆಯಲ್ಲಿ ಇಷ್ಟು ಜನರ ನಡುವೆ ಇಲ್ಲ ಅನ್ನುವುದು ಬರುತ್ತಿದ್ದದ್ದು ಅವರೊಬ್ಬರಿಗೇ ಎಂದು ಮುಫ್ಲಿಹಾಳಿಗೆ ಅನಿಸಿತು. ವ್ಯಾಕರಣ ಕಲಿಸಿದರು, ಕೈ ತೊಳೆಯುವುದು ಕಲಿಸಿದರು, ಸತ್ತವರನ್ನು ಮೀಯಿಸುವುದು ಕಲಿಸಿದರು. ಇದೊಂದನ್ನು ತಮ್ಮ ಹತ್ತಿರವೇ ಇಟ್ಟುಕೊಂಡರು. ಹೊಟ್ಟೆಕಿಚ್ಚೋ ಪ್ರೀತಿಯೋ ಹೇಳಲಾಗದಂಥದ್ದು ಒಂದು ಎದೆಯಲ್ಲಿ ಬಂದು ಕೂತಿತು. ಬು ನ್ಯಾಯ್ ಹಸಿರು ಕೋಟು ಬಿಚ್ಚಿ, ಮಡಚಿ ತೋಳಿನ ಮೇಲೆ ಹಾಕಿಕೊಂಡು, ನೇರ ಮೇಜಿನ ಬಳಿಗೆ ಬಂದರು. ಮುಫ್ಲಿಹಾ ತಾನು ಯಾವಾಗ ಎದ್ದು ನಿಂತಳೆಂದು ತಿಳಿಯದೆ ನಿಂತಿದ್ದಳು.

"ಶುಕ್ರವಾರ ಬಾ," ಎಂದರು ಬು ನ್ಯಾಯ್. "ನಾನು ತಂಗಿ ಮನೆಗೆ ಹೋಗಿರ್ತೀನಿ, ನೆರಳೂ ಕಾಣಿಸಲ್ಲ. ಹುಡುಗಿಯರನ್ನ ನೀನು ಕೇಳು. ಒಬ್ಬೊಬ್ಬರನ್ನೇ, ಕುರ್ಚಿ ಹಾಕಿ ಕೂರಿಸಿಕೊಂಡು. ಏನು ಹೇಳ್ತಾರೋ ಹಾಗೇ ಬರೆದು ತಾ." ಒಂದು ಗಳಿಗೆ ಬಾಗಿಲ ಕಡೆ ನೋಡಿದರು. ಅಲ್ಲಿ ಅವರ ಚೀಲ ಹಿಡಿದು, ನೆಲ ನೋಡುತ್ತ, ಖೋಲಿಫಾ ನಿಂತಿದ್ದಳು. "ಖೋಲಿಫಾಳಿಂದ ಶುರು ಮಾಡು."

"ಆಗಲಿ, ಬು ನ್ಯಾಯ್," ಎಂದಳು ಮುಫ್ಲಿಹಾ.

ಹೇಳಿ ಆದ ಮೇಲೆ, ತನಗೆ ಹೋಗಲು ಮನಸ್ಸಿದೆಯೇ ಎಂದು ನೋಡಿಕೊಂಡಳು. ಗೊತ್ತಾಗಲಿಲ್ಲ.